ಎಣ್ಣೆ ಹಾಕಿದ್ರಿ ಸರಿ, ಒರೆಸಿದ್ರಾ?

ಸೈಕಲ್ ರಿಪೇರಿಗೆ ತರುವವರಲ್ಲಿ ಎಷ್ಟೋ ಜನ ಮೊದಲು ಹೇಳುವುದು ಇದನ್ನೇ: "ಚೈನಿಗೆ ತಪ್ಪದೆ ಎಣ್ಣೆ ಹಾಕ್ತೀನಿ ಸಾರ್, ಆದ್ರೂ ಗೇರು ಜಾರುತ್ತೆ." ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ ನೋಡಿದರೆ ಎಣ್ಣೆ ಹಾಕಿರುವುದು ನಿಜ ಅಂತ ಗೊತ್ತಾಗುತ್ತದೆ. ಚೈನಿನ ಮೇಲೆ ಕಪ್ಪು ಜಿಡ್ಡು ಪದರ ಪದರವಾಗಿ ಮೆತ್ತಿಕೊಂಡಿರುತ್ತದೆ. ಹಿಂದೆ ಗೇರು ಬದಲಿಸುವ ಡಿರೇಲರ್‌ನ ಎರಡು ಪುಟ್ಟ ಚಕ್ರಗಳಲ್ಲಿ ಕೂದಲು, ನೂಲು, ಮಣ್ಣು ಎಲ್ಲ ಸೇರಿ ಗಟ್ಟಿಯಾಗಿರುತ್ತದೆ. ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದರೆ ಚಕ್ಕೆ ಎದ್ದು ಬರುತ್ತದೆ.

"ಎಣ್ಣೆ ಹಾಕೋ ಮುಂಚೆ ಒರೆಸ್ತೀರಾ?" ಅಂತ ಕೇಳುತ್ತೇನೆ. ಇಲ್ಲ. "ಹಾಕಿದ ಮೇಲೆ?" ಅಂದರೆ ಆಶ್ಚರ್ಯದಿಂದ ನೋಡುತ್ತಾರೆ. "ಹಾಕಿದ ಮೇಲೆ ಒರೆಸಿದ್ರೆ ಎಣ್ಣೆ ಹೋಗಿಬಿಡುತ್ತಲ್ವಾ?"

ಇಲ್ಲ, ಹೋಗುವುದಿಲ್ಲ. ಇಡೀ ಅಂಕಣ ಬರೆಯುತ್ತಿರುವುದೇ ಈ ಒಂದು ಪ್ರಶ್ನೆಗಾಗಿ. ಮೈಸೂರಿನಲ್ಲಿ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತುವ ದುಬಾರಿ ಗೇರ್ ಸೈಕಲ್ಲಿನವರಿಂದ ಹಿಡಿದು ಹಾಲು ಹಾಕುವವರ ತನಕ ಎಲ್ಲರಿಗೂ ಇದೇ ತಪ್ಪು ಕಲ್ಪನೆ. ಎಣ್ಣೆ ಕಾಣದೆ ಹಾಳಾದ ಚೈನುಗಳಿಗಿಂತ, ಎಣ್ಣೆಯ ಮೇಲೆ ಎಣ್ಣೆ ಸುರಿದು ಹಾಳು ಮಾಡಿದವೇ ನಮ್ಮ ಅಂಗಡಿಗೆ ಜಾಸ್ತಿ ಬರುತ್ತವೆ. ಕಾಳಜಿ ಇಲ್ಲದವರ ಸೈಕಲ್ ಹಾಳಾದರೆ ನನಗೆ ಅಷ್ಟು ಬೇಜಾರಾಗುವುದಿಲ್ಲ. ಕಾಳಜಿ ಮಾಡಿಯೂ ಹಾಳಾದರೆ ಹೊಟ್ಟೆ ಉರಿಯುತ್ತದೆ.

ಚೈನಿನ ಒಂದು ಕೊಂಡಿಯನ್ನು ಹತ್ತಿರದಿಂದ ನೋಡಿ. ಹೊರಗೆ ಎರಡು ಪಟ್ಟಿ, ಒಳಗೆ ಎರಡು ಪಟ್ಟಿ, ಅವನ್ನು ಹಿಡಿದಿಡುವ ಪಿನ್ನು, ಅದರ ಸುತ್ತ ತಿರುಗುವ ಪುಟ್ಟ ರೋಲರ್. 1880ರಲ್ಲಿ ಮ್ಯಾಂಚೆಸ್ಟರ್‌ನ ಹ್ಯಾನ್ಸ್ ರೆನಾಲ್ಡ್ ರೋಲರ್ ಚೈನು ಮಾಡಿದಾಗಿನಿಂದ ಕೆಲಸ ನಡೆಯುವ ರೀತಿ ಹೆಚ್ಚುಕಡಿಮೆ ಇದೇ. ಚೈನು ಹಲ್ಲುಚಕ್ರದ ಸುತ್ತ ಬಾಗುವಾಗ ಪಿನ್ನು ಒಳಪಟ್ಟಿಯ ತೂತಿನಲ್ಲಿ ತಿರುಗುತ್ತದೆ. ಉಜ್ಜಾಟ ಇರುವುದು ಅಲ್ಲಿ, ಕಣ್ಣಿಗೆ ಕಾಣದ ಆ ಸಂದಿಯಲ್ಲಿ. ಎಣ್ಣೆ ಬೇಕಾಗಿರುವುದೂ ಅಲ್ಲೇ. ಹೊರಗಿನ ಪಟ್ಟಿಯ ಮುಖ ಯಾವುದಕ್ಕೂ ಉಜ್ಜುವುದಿಲ್ಲ. ತುಕ್ಕು ಹಿಡಿಯದಿರಲು ಅದಕ್ಕೆ ಎಣ್ಣೆಯ ತೆಳು ಪಸೆ ಇದ್ದರೆ ಸಾಕು.

ಒಳಗೆ ಇಳಿದ ಎಣ್ಣೆ ಬಟ್ಟೆಗೆ ಸಿಗುವುದಿಲ್ಲ. ಎಷ್ಟು ಒರೆಸಿದರೂ ಬಟ್ಟೆ ಆ ಸಂದಿಗೆ ಹೋಗಲಾರದು. ನೀವು ಒರೆಸಿ ತೆಗೆಯುವುದು ಹೊರಗೆ ಉಳಿದ ಎಣ್ಣೆಯನ್ನು ಮಾತ್ರ. ಅದನ್ನು ಹಾಗೇ ಬಿಟ್ಟರೆ ನಮ್ಮ ರಸ್ತೆಯ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಕೆಮ್ಮಣ್ಣಿನ ದಾರಿಯಾದರೆ ಕೇಳುವುದೇ ಬೇಡ. ಎಣ್ಣೆ ಮತ್ತು ಸಣ್ಣ ಮರಳು ಸೇರಿದರೆ, ಗ್ಯಾರೇಜಿನಲ್ಲಿ ಎಂಜಿನ್ ವಾಲ್ವ್ ಉಜ್ಜಲು ಬಳಸುವ ಪೇಸ್ಟ್ ಥರ ಕೆಲಸ ಮಾಡುತ್ತದೆ. ಕೊಳೆ ತುಂಬಿದ ಚೈನಿಗೆ ಮತ್ತೆ ಹೊಸ ಎಣ್ಣೆ ಹಾಕಿದಾಗ ಆ ಪೇಸ್ಟು ತೆಳುವಾಗಿ, ಇಷ್ಟು ಹೊತ್ತು ಹೊರಗಿದ್ದದ್ದು ಒಳಗೆ ಇಳಿಯುತ್ತದೆ. ಸದ್ದು ನಿಲ್ಲುತ್ತದೆ, ನಿಮಗೂ ಸಮಾಧಾನ. ಒಳಗೆ ಪಿನ್ನು ಸವೆಯುತ್ತಲೇ ಇರುತ್ತದೆ.

ಸವೆತವನ್ನು ಮನೆಯಲ್ಲೇ ಅಳೆಯಬಹುದು. ಗೇಜ್ ಸಿಗುತ್ತದೆ, ಇಲ್ಲದಿದ್ದರೆ ಸ್ಟೀಲ್ ಸ್ಕೇಲು ಸಾಕು. ಸೈಕಲ್ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಒಂದು ಪಿನ್ನಿನ ನಡುಮಧ್ಯಕ್ಕೆ ಸ್ಕೇಲಿನ ಸೊನ್ನೆ ಇಟ್ಟು 24 ಪಿನ್ನು ಮುಂದೆ ಎಣಿಸಿ. ಹೊಸ ಚೈನಾದರೆ ಸರಿಯಾಗಿ 12 ಇಂಚಿಗೆ ಪಿನ್ನಿನ ನಡು ಕೂರುತ್ತದೆ. ಒಂದು ಇಂಚಿನ ಹದಿನಾರನೇ ಒಂದು ಭಾಗದಷ್ಟು, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ದಾಟಿದ್ದರೆ ಚೈನು ಬದಲಿಸುವ ಕಾಲ ಬಂತು. ಎಂಟನೇ ಒಂದು ಭಾಗ ದಾಟಿದ್ದರೆ ಅದು ಆಗಲೇ ಹಿಂದಿನ ಹಲ್ಲುಗಳನ್ನು ತಿಂದಿರುವ ಸಾಧ್ಯತೆ ಜಾಸ್ತಿ. ಆಗ ಹೊಸ ಚೈನು ಹಾಕಿದರೆ ಹಳೆ ಹಲ್ಲಿನ ಮೇಲೆ ಜಾರುತ್ತದೆ. ಚೈನು ಒಂದರಲ್ಲಿ ಮುಗಿಯುತ್ತಿದ್ದ ಖರ್ಚು ಹಿಂದಿನ ಹಲ್ಲುಚಕ್ರಗಳ ಗುಂಪಾದ ಕ್ಯಾಸೆಟ್‌ಗೂ ಬೀಳುತ್ತದೆ. ಹನ್ನೊಂದು, ಹನ್ನೆರಡು ಗೇರಿನ ತೆಳು ಚೈನಾದರೆ ಇನ್ನೂ ಸ್ವಲ್ಪ ಬೇಗನೆ ಬದಲಿಸುವುದು ಒಳ್ಳೆಯದು. ಚೈನು ಎಳೆದುಕೊಂಡಿದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಕಬ್ಬಿಣದ ಪಟ್ಟಿ ಹಿಗ್ಗಿರುವುದಿಲ್ಲ. ಅಷ್ಟೂ ಪಿನ್ನುಗಳು ಚೂರು ಚೂರು ಸವೆದದ್ದು ಕೂಡಿ ಉದ್ದವಾಗಿ ಕಾಣುತ್ತದೆ.

ಇನ್ನು ಒರೆಸುವ ಕೆಲಸ. ಹಳೆ ಬನಿಯನ್ ಬಟ್ಟೆ ತಗೊಳ್ಳಿ. ಚೈನಿನ ಕೆಳಗಿನ ಸಾಲನ್ನು ಬಟ್ಟೆಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಬಟ್ಟೆ ಹಲ್ಲಿನ ಹತ್ತಿರ ಹೋಗದ ಹಾಗೆ ನಡುವೆಯೇ ಇರಲಿ. ಚಕ್ರ ಜೋರಾಗಿ ತಿರುಗುವಾಗ ಬಟ್ಟೆ ಹಿಡಿಯಲು ಹೋಗಿ ಬೆರಳು ಜಜ್ಜಿಕೊಂಡವರನ್ನು ನೋಡಿದ್ದೇನೆ. ಮಕ್ಕಳ ಕೈಗೆ ಈ ಕೆಲಸ ಕೊಟ್ಟರೆ ದಯವಿಟ್ಟು ಪಕ್ಕದಲ್ಲೇ ನಿಂತಿರಿ. ಬಟ್ಟೆಗೆ ಹೊಸದಾಗಿ ಕಪ್ಪು ಹತ್ತುವುದು ಕಡಿಮೆಯಾಗುವ ತನಕ ಜಾಗ ಬದಲಿಸಿ ಬದಲಿಸಿ ಒರೆಸಿ.

ಆಮೇಲೆ ಎಣ್ಣೆ. ಚೈನಿನ ಒಳಮುಖಕ್ಕೆ, ಒಂದೊಂದು ರೋಲರ್ ಮೇಲೆ ಒಂದೊಂದು ತೊಟ್ಟು. ಒಂದು ಸುತ್ತು ಮುಗಿದರೆ ನಿಲ್ಲಿಸಿ. ಎಲ್ಲಿಂದ ಶುರು ಮಾಡಿದಿರಿ ಅಂತ ಗೊತ್ತಾಗಲು ಚೈನಿನ ಎರಡು ತುದಿ ಸೇರಿಸುವ ಲಾಕ್ ಗುರುತಿಟ್ಟುಕೊಳ್ಳಿ. ಪೆಡಲನ್ನು ಹಿಂದಕ್ಕೆ ಹತ್ತಿಪ್ಪತ್ತು ಸುತ್ತು ತಿರುಗಿಸಿ, ಇಳಿಯಲು ಬಿಡಿ. ರಾತ್ರಿ ಹಾಕಿ ಬೆಳಿಗ್ಗೆ ಒರೆಸಿದರೆ ತುಂಬಾ ಒಳ್ಳೆಯದು. ಹೊರಡುವ ಐದು ನಿಮಿಷ ಮೊದಲು ಹಾಕುವ ಎಣ್ಣೆಯಲ್ಲಿ ಒಂದಿಷ್ಟು ರಿಮ್ಮಿಗೆ, ಒಂದಿಷ್ಟು ಪ್ಯಾಂಟಿಗೆ ಹೋಗುತ್ತದೆ. ಕೊನೆಗೆ ಮತ್ತೆ ಒರೆಸಿ, ಎಣ್ಣೆಯೇ ಹಾಕಿಲ್ಲವೇನೋ ಅನ್ನಿಸುವಷ್ಟು. ಪಟ್ಟಿ ಮುಟ್ಟಿದರೆ ಬೆರಳಿಗೆ ಸ್ವಲ್ಪ ಜಿಡ್ಡು ತಾಗಬೇಕು ಅಷ್ಟೇ, ಕಪ್ಪು ಹತ್ತಬಾರದು.

ಯಾವ ಎಣ್ಣೆ ಅಂತ ಎಲ್ಲರೂ ಕೇಳುತ್ತಾರೆ. ಒರೆಸುವವರಿಗೆ ಚೈನಿಗೆಂದೇ ಮಾರುವ ಎಣ್ಣೆ, ಅಂದರೆ ಚೈನ್ ಲ್ಯೂಬ್, ಬಹುತೇಕ ಯಾವುದಾದರೂ ನಡೆಯುತ್ತದೆ. ಬೇಸಿಗೆಯ ಧೂಳಿಗೆ ಡ್ರೈ ಲ್ಯೂಬ್ ಒಳ್ಳೆಯದು, ಆದರೆ ಹಾಕಿ ಕೆಲವು ಗಂಟೆ ಒಣಗಲು ಬಿಡಬೇಕು. ಒಂದು ಜೋರು ಮಳೆಗೆ ಅದು ತೊಳೆದು ಹೋಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ವೆಟ್ ಲ್ಯೂಬ್ ಬೇಕು. ಅದು ನಿಲ್ಲುತ್ತದೆ, ಕೊಳೆಯನ್ನೂ ಜಾಸ್ತಿ ಹಿಡಿಯುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಕೆಟ್ಟದ್ದೇನಲ್ಲ. ತೆಳುವಾಗಿರುವುದರಿಂದ ಚೆನ್ನಾಗಿ ಒಳಗೆ ಇಳಿಯುತ್ತದೆ, ಅಷ್ಟೇ ಬೇಗ ಹೋಗಿಯೂ ಬಿಡುತ್ತದೆ. ನಮ್ಮಲ್ಲಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರ ಹಳೆಯ ದೊಡ್ಡ ಸೈಕಲ್ಲಿಗೆ ಪೂರ್ತಿ ಚೈನ್ ಕವರ್ ಇದೆ. ಅವರು ಬಳಸುವುದು ಈ ಎಣ್ಣೆಯನ್ನೇ, ಆದರೆ ಜೇಬಿನಲ್ಲಿ ಯಾವಾಗಲೂ ಒಂದು ಮಡಿಸಿದ ಬಟ್ಟೆ. ಅವರ ಚೈನು ಅಷ್ಟು ಸುಲಭಕ್ಕೆ ಸವೆಯುವುದಿಲ್ಲ.

ಕೊಬ್ಬರಿ ಎಣ್ಣೆ ಬೇಡ. ಸರ್ಕಾರ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಹಾಗೆ ಸಿಕ್ಕ ಸೈಕಲ್ ತಳ್ಳಿಕೊಂಡು ಹಳ್ಳಿ ಕಡೆಯ ಒಬ್ಬ ಹುಡುಗಿ ಚಳಿಗಾಲದಲ್ಲಿ ಬಂದಿದ್ದಳು. "ಪೆಡಲ್ ಭಾರ ಅಂಕಲ್" ಅಂದಳು. ಚೈನಿನ ತುಂಬಾ ಕಂದು ಅಂಟು. "ಏನ್ ಹಾಕಿದ್ಯಮ್ಮಾ?" "ತಲೆಗೆ ಹಾಕೋ ಎಣ್ಣೆ. ಅಮ್ಮ ಕೊಟ್ರು." ತಮ್ಮ ತಲೆಗೆ ಇಟ್ಟುಕೊಳ್ಳುವ ಎಣ್ಣೆಯನ್ನೇ ಮಗಳ ಸೈಕಲ್ಲಿಗೆ ಕೊಟ್ಟ ತಾಯಿಯನ್ನು ನಾನು ಹೇಗೆ ಬೈಯಲಿ? ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಅಡುಗೆಯ ಬೇರೆ ಎಣ್ಣೆಗಳು ಗಾಳಿಗೆ ಬಿದ್ದು ದಿನ ಕಳೆದಂತೆ ಅಂಟಾಗುತ್ತವೆ. ಆ ಚೈನನ್ನು ಬಿಚ್ಚಿ ಡೀಸೆಲ್ಲಿನಲ್ಲಿ ನೆನೆಹಾಕಿ ಬ್ರಷ್ಷಿನಿಂದ ಉಜ್ಜಿ ಒಣಗಿಸಿದೆ. ವಾಪಸ್ ಹಾಕುವಾಗ ಲಾಕಿನ ಕ್ಲಿಪ್ ತೋರಿಸಿದೆ. ಗೇರಿಲ್ಲದ ಸೈಕಲ್ಲಿನಲ್ಲಿ ಈ ಕ್ಲಿಪ್ಪಿನ ಮುಚ್ಚಿದ ಬದಿ ಚೈನು ಓಡುವ ದಿಕ್ಕಿಗೆ ಇರಬೇಕು. ತಿರುಗುಮುರುಗಾದರೆ ಏನಾದರೂ ತಾಗಿ ಕಳಚಿ ಬೀಳಬಹುದು. ಅವಳು ಒಂದೇ ಸಲಕ್ಕೆ ಕಲಿತಳು.

ಬೈಕ್ ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ ಅಂತ ಹಾಕಬೇಡಿ. ಅದರಲ್ಲಿ ಲೋಹದ ಪುಡಿ, ಮಸಿ ಎರಡೂ ಇರುತ್ತವೆ. ಗ್ರೀಸನ್ನು ಬೇರಿಂಗಿಗೆ ಇಡಿ, ಚೈನಿಗೆ ಮೇಲಿಂದ ಬಳಿದರೆ ಒಳಗೆ ಇಳಿಯುವುದೇ ಇಲ್ಲ. ಇನ್ನು ಡಬ್ಲ್ಯುಡಿ-40. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನೀರನ್ನು ದೂರ ತಳ್ಳಿ ತುಕ್ಕು ತಡೆಯಲು ಮಾಡಿದ ದ್ರಾವಣ. ಮಳೆಯಲ್ಲಿ ನೆನೆದ ಚೈನಿನ ನೀರು ಬಿಡಿಸಲು, ಜಿಡ್ಡು ಸಡಿಲಿಸಲು ಬಳಸಿ, ತಪ್ಪೇನಿಲ್ಲ. ಅದಾದ ಮೇಲೆ ಒರೆಸಿ ಎಣ್ಣೆ ಹಾಕಲೇಬೇಕು. ಅದೊಂದನ್ನೇ ಹೊಡೆದು ಬಿಟ್ಟರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಚೈನು ಒಣಗುತ್ತದೆ. ಅದೇ ಕಂಪನಿ ಸೈಕಲ್ ಚೈನಿಗೆ ಅಂತಲೇ ಬೇರೆ ಲ್ಯೂಬ್ ಮಾರುತ್ತದೆ.

ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿನ ಹತ್ತಿರ ಯಾವ ಸ್ಪ್ರೇಯನ್ನೂ ಹೊಡೆಯಬೇಡಿ. ಡಿಸ್ಕಿಗೆ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬಹುದು, ಆದರೆ ಪ್ಯಾಡು ಎಣ್ಣೆ ಕುಡಿದರೆ ಸಾಮಾನ್ಯವಾಗಿ ಬದಲಿಸುವುದೇ ಗತಿ. ಬ್ರೇಕ್ ವಿಷಯದಲ್ಲಿ ಅನುಮಾನ ಬಂದರೆ ಓಡಿಸಬೇಡಿ, ಯಾರಿಗಾದರೂ ತೋರಿಸಿ. ಆಯುಧಪೂಜೆಯ ದಿನ ವಾಟರ್ ಸರ್ವಿಸ್ ಗನ್ನಿನಿಂದ ಸೈಕಲ್ ತೊಳೆಸುವವರೂ ಕೇಳಿ. ಆ ರಭಸಕ್ಕೆ ಹಬ್ಬಿನ, ಪೆಡಲ್ ನಡುವಿನ ಬೇರಿಂಗಿನ ಒಳಗೆ ನೀರು ನುಗ್ಗುತ್ತದೆ. ಒಂದು ಬಕೆಟ್ ನೀರು, ಒಂದು ಬ್ರಷ್ಷು ಸಾಕು.

ಎಷ್ಟು ದಿನಕ್ಕೊಮ್ಮೆ ಅಂದರೆ ಒಂದೇ ಉತ್ತರ ಕೊಡಲಾರೆ. ಒಣ ರಸ್ತೆಯಲ್ಲಿ 150ರಿಂದ 200 ಕಿಲೋಮೀಟರಿಗೆ ಒಮ್ಮೆ ಎಣ್ಣೆ ಸಾಕಾಗಬಹುದು. ಮಳೆಯಲ್ಲಿ ನೆನೆದರೆ ಅದೇ ದಿನ. ಒರೆಸುವುದನ್ನು ಮಾತ್ರ ವಾರಕ್ಕೊಮ್ಮೆ ಮಾಡಿ, ಎಣ್ಣೆ ಹಾಕದಿದ್ದರೂ. ನಿಮ್ಮ ಲ್ಯೂಬಿನ ಡಬ್ಬಿಯ ಮೇಲೆ ಬೇರೆ ಹೇಳಿದ್ದರೆ ಅದನ್ನು ಕೇಳಿ.

ಹೊಸ ಚೈನು ಹಾಕಿಸಿಕೊಂಡವರಿಗೆ ಇನ್ನೊಂದು ಮಾತು. ಸಾಮಾನ್ಯವಾಗಿ ಫ್ಯಾಕ್ಟರಿಯಲ್ಲೇ ಪಿನ್ನಿನ ಒಳಗೆ ಎಣ್ಣೆಯೋ ಗ್ರೀಸೋ ತುಂಬಿ ಕಳಿಸಿರುತ್ತಾರೆ. ಎಣ್ಣೆಯ ಬದಲು ಮೇಣ ಕಾಯಿಸಿ ಅದರಲ್ಲಿ ಚೈನು ಅದ್ದುವವರ ವಿಷಯ ಬೇರೆ. ಉಳಿದವರು ಅದನ್ನು ತೊಳೆದು ತೆಗೆದು ಮತ್ತೆ ಎಣ್ಣೆ ಹಾಕಬೇಕಾಗಿಲ್ಲ. ಹೊರಗಿನ ಅಂಟನ್ನು ಬಟ್ಟೆಯಲ್ಲಿ ಒರೆಸಿ, ಒಳಗಿನದನ್ನು ಹಾಗೇ ಇರಲು ಬಿಡಿ. ಅದು ಆರಿ ಕಿರ್ರ್ ಅನ್ನಲು ಶುರು ಮಾಡುವ ಮೊದಲು ನಿಮ್ಮ ಎಣ್ಣೆ ಹಾಕಿದರೆ ಸಾಕು.