ಗಡಿಯಾರದ ಮೇಲಿಟ್ಟ ಮೌಸ್

ತುಮಕೂರಿನ ನಮ್ಮ ಬೀದಿಯಲ್ಲಿ, ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ ಮಾಡುವ ಯುವಕನೊಬ್ಬನಿದ್ದಾನೆ. ಒಂದು ಮಧ್ಯಾಹ್ನ ಅವರ ಮನೆಗೆ ಹೋದಾಗ ಅವನು ಅಡುಗೆಮನೆಯಲ್ಲಿ ಮುದ್ದೆ ಉಣ್ಣುತ್ತಿದ್ದ. ಕೋಣೆಯ ಮೇಜಿನ ಮೇಲೆ ತಾತನ ಹಳೆಯ ಕೈಗಡಿಯಾರವನ್ನು ಅಂಗಾತ ಮಲಗಿಸಿ, ಅದರ ಗಾಜಿನ ಮೇಲೆ ಮೌಸ್ ಇಟ್ಟಿದ್ದ. "ಸ್ವಲ್ಪ ಹೊತ್ತು ಕೈ ತೆಗೆದ್ರೂ ಆಫೀಸಿನ ಚಾಟ್‌ನಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗುತ್ತೆ ಅಂಕಲ್, ಮ್ಯಾನೇಜರ್ ಫೋನ್ ಮಾಡ್ತಾರೆ" ಎಂದ. ಮೌಸಿನ ತಳದಲ್ಲಿರುವ ಪುಟ್ಟ ಕ್ಯಾಮೆರಾ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆದು, ಒಂದಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸದಿಂದ ತಾನೆಷ್ಟು ಸರಿದೆನೆಂದು ಲೆಕ್ಕ ಹಾಕುತ್ತದೆ. ಕೆಳಗೆ ಸೆಕೆಂಡಿನ ಮುಳ್ಳು ಹಾದುಹೋದರೆ ತಾನೇ ಚಲಿಸಿದೆನೆಂದು ಅದು ಭಾವಿಸುತ್ತದೆ; ಸುಮಾರು 70 ಕಿಲೋಮೀಟರ್ ದೂರದಲ್ಲಿರುವ ಮ್ಯಾನೇಜರರೂ ಅದನ್ನೇ ನಂಬುತ್ತಾರೆ.

ಯಾವುದೇ ಅಳತೆಯನ್ನು ನಿಯಂತ್ರಣಕ್ಕೆ ಬಳಸಲು ಹೊರಟೊಡನೆ ಅದು ಅಳತೆಯಾಗಿ ಕೆಡುತ್ತದೆ ಎಂಬುದನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಗುರುತಿಸಿದ್ದರು. ಹಸಿರು ಚುಕ್ಕೆಗೂ ಆದದ್ದು ಅದೇ.

ಹಾಗೆ ನೋಡಿದರೆ ತುಮಕೂರಿಗೆ ಮನೆಯಿಂದ ದುಡಿಯುವುದು ಹೊಸದೇನಲ್ಲ. ಇಲ್ಲಿನ ಹೆಂಗಸರು ಬಹುಕಾಲದಿಂದ ಮನೆಯಲ್ಲೇ ಕೂತು ಬೀಡಿ ಕಟ್ಟುತ್ತ ಬಂದಿದ್ದಾರೆ. ಎಲೆ, ತಂಬಾಕು, ನೂಲು ಕೊಟ್ಟವರು ಎಷ್ಟು ಹೊತ್ತಿಗೆ ಕೂತೆ, ಎಷ್ಟು ಸಲ ಎದ್ದೆ ಎಂದು ಕೇಳುವುದಿಲ್ಲ. ಬೀಡಿ ಎಣಿಸಿಕೊಂಡು, ಸಾವಿರಕ್ಕಿಷ್ಟು ಎಂದು ಕೂಲಿ ಕೊಡುತ್ತಾರೆ. (ಚೆನ್ನಾಗಿಲ್ಲವೆಂದು ತೆಗೆದುಹಾಕುವ ನೆಪದಲ್ಲಿ ಕೂಲಿ ಮುರಿಯುವುದು ಬೇರೆಯೇ ಅನ್ಯಾಯ.) ಎಣಿಸಬಹುದಾದ ಕೆಲಸಕ್ಕೆ ಕಾವಲು ಬೇಕಿಲ್ಲ.

ಚೀನಾದ ಪ್ರವಾಸ ಸಂಸ್ಥೆ ಸಿ-ಟ್ರಿಪ್ ತನ್ನ ಕಾಲ್ ಸೆಂಟರಿನಲ್ಲಿ 2010ರ ಕೊನೆಯಲ್ಲಿ ಆರಂಭಿಸಿದ ಪ್ರಯೋಗವೂ ಇದನ್ನೇ ತೋರಿಸಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಸ್ವಇಚ್ಛೆಯಿಂದ ಮುಂದೆ ಬಂದ 249 ನೌಕರರನ್ನು ಹುಟ್ಟಿದ ತಾರೀಖು ಸಮಸಂಖ್ಯೆಯೋ ಬೆಸಸಂಖ್ಯೆಯೋ ಎಂಬುದರ ಮೇಲೆ ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ನಾಲ್ಕು ದಿನ ಮನೆಯಿಂದ, ಇನ್ನೊಂದು ಎಂದಿನಂತೆ ಕಚೇರಿಯಿಂದ. ಒಂಬತ್ತು ತಿಂಗಳ ಬಳಿಕ ಮನೆಯಿಂದ ದುಡಿದವರ ಕೆಲಸ 13% ಹೆಚ್ಚಿತ್ತು. ಇದರ ಬಹುಪಾಲು ಬಂದದ್ದು ವಿರಾಮ ಮತ್ತು ಅನಾರೋಗ್ಯದ ರಜೆ ಕಡಿಮೆಯಾದದ್ದರಿಂದ. ಕೆಲಸ ಬಿಟ್ಟು ಹೋಗುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ಆದರೆ ಅಷ್ಟೇ ಸಾಧನೆ ತೋರಿದ ಕಚೇರಿಯವರಿಗೆ ಹೋಲಿಸಿದರೆ ಇವರಿಗೆ ಬಡ್ತಿ ಸಿಗುವ ಸಾಧ್ಯತೆ ತಗ್ಗಿತ್ತು, ಒಂಟಿತನವೂ ಕಾಡಿತ್ತು. ಮುಂದೆ ಆಯ್ಕೆ ಕೊಟ್ಟಾಗ ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಕಚೇರಿಗೇ ಮರಳಿದರು. ಕಣ್ಣಿಗೆ ಬೀಳದವರು ಮ್ಯಾನೇಜರರ ನೆನಪಿಗೂ ಬೀಳುವುದಿಲ್ಲವೆಂದು ನನಗನ್ನಿಸುತ್ತದೆ.

ಆದರೆ ಕರೆಗಳನ್ನು ಬೀಡಿಯಂತೆ ಎಣಿಸಬಹುದು, ನಮ್ಮ ಹುಡುಗನ ಕೆಲಸವನ್ನು ಹಾಗೆ ಎಣಿಸಲಾಗದು. ಪತ್ತೆಹಚ್ಚಿದ ದೋಷಗಳನ್ನು ಎಣಿಸತೊಡಗಿದರೆ ಅವನು ಒಂದು ದೋಷವನ್ನು ಮೂರಾಗಿ ಒಡೆದು ಬರೆದಾನು. ಅಂಥ ಕೆಲಸಕ್ಕೆ, ಯಾವ ಭಾಗದ ಪರೀಕ್ಷೆ ಎಂದಿಗೆ ಮುಗಿಯಬೇಕು, ಮುಗಿದಿದೆ ಎನ್ನಲು ಏನೇನು ಆಗಿರಬೇಕು ಎಂದು ಸೋಮವಾರವೇ ಇಬ್ಬರೂ ಕೂತು ಬರೆದುಕೊಳ್ಳುವುದು ಮೇಲು. ಇದು ಮ್ಯಾನೇಜರರಿಗೆ ಹೆಚ್ಚಿನ ಕೆಲಸ. ಚುಕ್ಕೆ ನೋಡುತ್ತಾ ಕೂರುವುದು ಸುಲಭ.

ಬರೆದುಕೊಂಡರೂ ತುಂಬದ ಕೊರತೆಯೊಂದಿದೆ. ಮೈಕ್ರೋಸಾಫ್ಟಿನ ಅಮೆರಿಕದ 61,000ಕ್ಕೂ ಹೆಚ್ಚು ನೌಕರರ ಸಂಪರ್ಕಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎಲ್ಲರೂ ಮನೆ ಸೇರಿದ ಮೇಲೆ ತಂಡತಂಡಗಳ ನಡುವಿನ ಕೊಂಡಿಗಳು ಸಡಿಲವಾದವು. ಎದುರುಬದುರಿನ ಮಾತಿನ ಜಾಗಕ್ಕೆ ಇಮೇಲ್ ಮತ್ತು ಸಂದೇಶಗಳು ಬಂದವು. ಪಕ್ಕದ ತಂಡದವರ ಬಾಯಿಂದ ಚಹಾದ ಹೊತ್ತಿಗೆ ತಾನಾಗಿ ತಿಳಿಯುತ್ತಿದ್ದ ಸಂಗತಿಗೆ ಯಾವ ಮೀಟಿಂಗಿನಲ್ಲೂ ಜಾಗವಿರುವುದಿಲ್ಲ.

ಬ್ಲೂಮ್ ಅವರು ಅದೇ ಸಿ-ಟ್ರಿಪ್ ಸಂಸ್ಥೆಯ 1,612 ನೌಕರರ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರಲ್ಲಿ ರಾಜೀನಾಮೆ ಮೂರನೇ ಒಂದರಷ್ಟು ಕಡಿಮೆಯಾಯಿತು, ಬಡ್ತಿಗೂ ಪೆಟ್ಟು ಬೀಳಲಿಲ್ಲ. ಹೀಗೆ ದಿನಗಳನ್ನು ಹಂಚುವಾಗ ತಂಡದವರೆಲ್ಲ ಒಂದೇ ದಿನ ಕಚೇರಿಗೆ ಬರುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಬೆಳಗಿನ ರೈಲು ಹಿಡಿದು ತುಮಕೂರಿನಿಂದ ಹೋದವನು ಬೆಂಗಳೂರಿನ ಕಚೇರಿಯಲ್ಲಿ ಒಬ್ಬನೇ ಕೂತು, ಮನೆಯಲ್ಲಿರುವ ಸಹೋದ್ಯೋಗಿಗಳೊಡನೆ ವಿಡಿಯೊ ಕರೆಯಲ್ಲಿ ಮಾತಾಡಿ, ಸಂಜೆಯ ರೈಲಿಗೆ ವಾಪಸಾಗಬೇಕಾದೀತು.