ಎರಡು ಗಸ್ತುಗಳ ನಡುವೆ ಡೆಸ್ಟ್ರಾಯರ್ ಏನು ಮಾಡುತ್ತದೆ?

2024ರ ಮಾರ್ಚ್‌ನಲ್ಲಿ ನಮ್ಮ ನೌಕಾಪಡೆಯ ಡೆಸ್ಟ್ರಾಯರ್, ಅಂದರೆ ಕ್ಷಿಪಣಿ ಹೊತ್ತ ದೊಡ್ಡ ಯುದ್ಧನೌಕೆ, ಐಎನ್‌ಎಸ್ ಕೋಲ್ಕತಾ ಎಲ್ಲರ ಬಾಯಲ್ಲಿತ್ತು. ನಮ್ಮ ಕರಾವಳಿಯಿಂದ ಸುಮಾರು 2,600 ಕಿ.ಮೀ. ದೂರದಲ್ಲಿ ಕಡಲ್ಗಳ್ಳರ ವಶದಲ್ಲಿದ್ದ ರುವೆನ್ ಎಂಬ ಸರಕು ಹಡಗನ್ನು ಅದು ತಡೆಯಿತು. 40 ಗಂಟೆಗಳ ಕಾರ್ಯಾಚರಣೆಯ ಕೊನೆಗೆ 35 ಕಡಲ್ಗಳ್ಳರು ಶರಣಾದರು, 17 ನಾವಿಕರು ಬಿಡುಗಡೆಯಾದರು. ಆ 40 ಗಂಟೆ ಟಿವಿಯಲ್ಲಿ ಬಂತು. ಅದರ ಹಿಂದಿನ ತಿಂಗಳುಗಳನ್ನು ಯಾರೂ ತೋರಿಸಲಿಲ್ಲ. ತೋರಿಸಿದ್ದರೂ ಯಾರೂ ನೋಡುತ್ತಿರಲಿಲ್ಲ ಬಿಡಿ. ನೌಕಾಪಡೆಯಲ್ಲಿದ್ದವನು ಅಂತ ಗೊತ್ತಾದರೆ ಮದುವೆ ಮನೆಯಲ್ಲೂ ಜನ ಕೇಳುವುದು ಒಂದೇ: ಯುದ್ಧ ಇಲ್ಲದಾಗ ಅಷ್ಟು ದೊಡ್ಡ ಹಡಗು ಸುಮ್ನೆ ನಿಂತಿರುತ್ತಾ?

ಗಸ್ತು ಮುಗಿಸಿ ಬಂದ ಹಡಗಿಗೆ ಮೊದಲು ಬೀಳುವ ಪೆಟ್ಟು ವರ್ಗಾವಣೆ ಪಟ್ಟಿ. ಕಡಲಲ್ಲಿ ತಿಂಗಳುಗಟ್ಟಲೆ ಪಳಗಿದ ರಾಡಾರ್ ಆಪರೇಟರ್ ಬೇರೆ ಹಡಗಿಗೆ ಹೋಗುತ್ತಾನೆ. ಅನುಭವಿ ಎಂಜಿನ್ ರೂಮ್ ಚೀಫ್ ನಿವೃತ್ತನಾಗುತ್ತಾನೆ. ತರಬೇತಿ ಶಾಲೆ ಮುಗಿಸಿದ ಹೊಸ ಹುಡುಗರು ಚೀಲ ಹೊತ್ತು ಗ್ಯಾಂಗ್‌ವೇ ಹತ್ತುತ್ತಾರೆ. ಹಡಗಿನ ಹೆಸರು ಅದೇ, ಫಿರಂಗಿ ಅದೇ. ಆದರೆ ಕಳೆದ ತಿಂಗಳು ಕಣ್ಣುಮುಚ್ಚಿ ಮಾಡುತ್ತಿದ್ದ ಕೆಲಸಕ್ಕೆ ಈಗ ಪುಸ್ತಕ ತೆಗೆದು ನೋಡಬೇಕು. ಹಾಗಾಗಿ ಪ್ರತಿ ಸಲವೂ ಹೆಚ್ಚುಕಡಿಮೆ ಮೊದಲಿನಿಂದ ಶುರು.

ದುರಸ್ತಿಯ ಕತೆ ಚಿಕ್ಕದು. ಮದ್ದುಗುಂಡು ಇಳಿಸಬೇಕು, ತಳಕ್ಕೆ ಅಂಟಿದ ಕಡಲ ಚಿಪ್ಪು ಕೆರೆಯಬೇಕು, ಪಂಪು, ಜನರೇಟರ್ ಬಿಚ್ಚಬೇಕು. ಕಾರವಾರದ ಐಎನ್‌ಎಸ್ ಕದಂಬ ನೆಲೆಯಲ್ಲಿ ಹಡಗನ್ನೇ ನೀರಿನಿಂದ ಮೇಲೆತ್ತುವ, 10,000 ಟನ್ ತಾಳುವ ಶಿಪ್‌ಲಿಫ್ಟ್ ಇದೆ. 7,400 ಟನ್ ತೂಕದ ಡೆಸ್ಟ್ರಾಯರ್ ಕೂಡ ಅದಕ್ಕೆ ಹೆಚ್ಚಲ್ಲ.

ಅಸಲಿ ಪರೀಕ್ಷೆ ವರ್ಕ್‌ಅಪ್, ಅಂದರೆ ಇಡೀ ಹಡಗನ್ನು ಮತ್ತೆ ಕಡಲಿಗೆ ಸಜ್ಜು ಮಾಡುವ ತರಬೇತಿ. ಕೊಚ್ಚಿಯಲ್ಲಿ ಇದಕ್ಕೆಂದೇ ಫ್ಲಾಗ್ ಆಫೀಸರ್ ಸೀ ಟ್ರೈನಿಂಗ್ ಕಚೇರಿ ಇದೆ. ಅದರ ಕೈಕೆಳಗಿನ ವರ್ಕ್‌ಅಪ್ ತಂಡ ಹಡಗು ಹತ್ತಿದರೆ ಕ್ಯಾಪ್ಟನ್‌ನಿಂದ ಅಡುಗೆಯವರವರೆಗೆ ಯಾರಿಗೂ ನಿದ್ದೆ ಇಲ್ಲ. ಬೆಳಗಿನ ಜಾವ ಮೂರಕ್ಕೆ ಮೈಕಿನಲ್ಲಿ 'ಫೈರ್, ಫೈರ್, ಫೈರ್' ಅಂತ ಕೂಗು. ದೀಪ ಹೋಗುತ್ತದೆ, ಹೊಗೆ ಬಿಡುತ್ತಾರೆ. ಉಸಿರಾಟದ ಸಿಲಿಂಡರ್ ಬೆನ್ನಿಗೇರಿಸಿ, ಗೋಡೆ ತಡವುತ್ತಾ ಏಣಿ ಇಳಿಯಬೇಕು. ಅಷ್ಟರಲ್ಲಿ ವರ್ಕ್‌ಅಪ್ ತಂಡದವರೊಬ್ಬರು ಬಂದು ಬೆಂಕಿ ಆರಿಸುವ ದಳದ ನಾಯಕನ ಹೆಗಲು ಮುಟ್ಟಿ, "ನೀನು ಸತ್ತೆ, ಕೂತ್ಕೋ" ಅನ್ನುತ್ತಾರೆ. ಮುಂದಿನ ಆದೇಶ ಯಾರು ಕೊಡುತ್ತಾರೆ ಅಂತ ನೋಡುವುದೇ ಅವರ ಉದ್ದೇಶ.

ಇಲ್ಲಿ ಹೊಸಬರು ಮರೆಯುವ ಒಂದು ವಿಷಯವಿದೆ. ಉಕ್ಕಿನ ಕೋಣೆಗೆ ಆರು ಮುಖ. ನಾಲ್ಕು ಗೋಡೆ, ಮೇಲೆ ಕೆಳಗೆ ಡೆಕ್. ಒಳಗೆ ಬೆಂಕಿ ಇದ್ದರೆ ಆರೂ ಕಡೆ ಕಾವು ದಾಟುತ್ತದೆ. ಪಕ್ಕದ ಕೋಣೆಯ ಗೋಡೆಯಲ್ಲಿ ಬಣ್ಣ ಗುಳ್ಳೆ ಏಳತೊಡಗಿದರೆ ಅಲ್ಲಿಗೂ ಬೆಂಕಿ ಬರುತ್ತಿದೆ ಅಂತ ಅರ್ಥ. ಅದಕ್ಕೇ ಸುತ್ತಲ ಕೋಣೆಗಳಿಂದ ಆ ಗೋಡೆಗಳಿಗೆ ನೀರು ಹೊಡೆದು ತಣ್ಣಗಿಡಬೇಕು. ಹಾಗೆ ಹೊಡೆದ ನೀರನ್ನು ಅಷ್ಟೇ ಬೇಗ ಹೊರಗೂ ಹಾಕಬೇಕು. ಇಲ್ಲದಿದ್ದರೆ ಒಳಗೆ ಅತ್ತಿತ್ತ ಹೊಯ್ದಾಡುವ ನೀರೇ ಹಡಗನ್ನು ವಾಲಿಸುತ್ತದೆ.

ಇದೆಲ್ಲ ನಾಟಕ ಅನ್ನಿಸಿದರೆ ಎರಡು ಘಟನೆ ನೆನಪಿಸುತ್ತೇನೆ. 2022ರ ಜನವರಿ 18ರಂದು ಮುಂಬೈ ನೌಕಾ ಡಾಕ್‌ಯಾರ್ಡ್‌ನಲ್ಲಿದ್ದ ಡೆಸ್ಟ್ರಾಯರ್ ಐಎನ್‌ಎಸ್ ರಣವೀರ್‌ನ ಒಳಕೋಣೆಯಲ್ಲಿ ಸ್ಫೋಟವಾಗಿ ಮೂವರು ಸತ್ತರು. 2024ರ ಜುಲೈನಲ್ಲಿ ಅದೇ ಡಾಕ್‌ಯಾರ್ಡ್‌ನಲ್ಲಿ ದುರಸ್ತಿಯಲ್ಲಿದ್ದ ಐಎನ್‌ಎಸ್ ಬ್ರಹ್ಮಪುತ್ರಕ್ಕೆ ಬೆಂಕಿ ಬಿತ್ತು. ಅದು ಫ್ರಿಗೇಟ್, ಡೆಸ್ಟ್ರಾಯರ್‌ಗಿಂತ ಕೊಂಚ ಚಿಕ್ಕ ಯುದ್ಧನೌಕೆ. ಬೆಂಕಿ ಹತೋಟಿಗೆ ಬಂತು, ಆಮೇಲೆ ಹಡಗು ಮಗ್ಗುಲಿಗೆ ವಾಲಿತು. ಒಬ್ಬ ನಾವಿಕ ತೀರಿಕೊಂಡ. ಎರಡೂ ಹಡಗು ಆಗ ಬಂದರಿನಲ್ಲೇ ಇದ್ದವು. ನನ್ನ ಮಟ್ಟಿಗೆ ಡೆಸ್ಟ್ರಾಯರ್‌ನ ತರಬೇತಿಯಲ್ಲಿ ಕ್ಷಿಪಣಿಗಿಂತ ಮುಂಚೆ ಬರಬೇಕಾದ್ದು ಬೆಂಕಿ.

ಇನ್ನು ಕ್ಷಿಪಣಿ. ಪತ್ರಿಕೆಯಲ್ಲಿ 'ಯಶಸ್ವಿ ಪರೀಕ್ಷೆ' ಅಂತ ಬಂದಾಗ ಕ್ಷಿಪಣಿ ಹಾರುತ್ತದೋ ಇಲ್ಲವೋ ಅಂತ ನೋಡಿದರು ಅಂದುಕೊಳ್ಳುತ್ತೇವೆ. ಹಡಗಿನವರಿಗೆ ಅದು ಜನರ ಪರೀಕ್ಷೆಯೂ ಹೌದು. ಲೆಕ್ಕ ಹಾಕಿ ನೋಡಿ. ಭೂಮಿ ಗುಂಡಗಿದೆ. ನೀರಿಗೆ ತಾಗುವಷ್ಟು ಕೆಳಗೆ ಬರುವ ಶತ್ರು ಕ್ಷಿಪಣಿ ಹಡಗಿನ ರಾಡಾರ್‌ಗೆ ಕಾಣುವುದು ಸುಮಾರು 30 ಕಿ.ಮೀ. ಹತ್ತಿರ ಬಂದಾಗ. ಅದು ಸೆಕೆಂಡಿಗೆ 300 ಮೀಟರ್ ಹಾರುತ್ತಿದ್ದರೆ ಉಳಿದಿರುವುದು 100 ಸೆಕೆಂಡ್. ಅಷ್ಟರಲ್ಲಿ ಅದು ಹಕ್ಕಿಗಳ ಹಿಂಡಲ್ಲ, ನಮ್ಮದೇ ಹೆಲಿಕಾಪ್ಟರ್ ಅಲ್ಲ ಅಂತ ಖಚಿತವಾಗಬೇಕು. ಕ್ಯಾಪ್ಟನ್ ಅನುಮತಿ ಕೊಡಬೇಕು. ನಮ್ಮ ಕ್ಷಿಪಣಿ ಹೊರಟು ದಾರಿಯಲ್ಲೇ ಅದನ್ನು ಹೊಡೆಯಬೇಕು. ತಪ್ಪಿದರೆ ಇನ್ನೊಂದಕ್ಕೂ ಸಮಯ ಉಳಿದಿರಬೇಕು. 'ಏನೋ ಕಾಣಿಸ್ತಿದೆ ಸರ್' ಅಂತ ಎಳೆಯುವ ಆಪರೇಟರ್ ಐದು ಸೆಕೆಂಡ್ ತಿಂದರೆ ಶತ್ರು ಒಂದೂವರೆ ಕಿ.ಮೀ. ಹತ್ತಿರ ಬಂದಿರುತ್ತಾನೆ. ವರದಿ ಮಾಡುವ ಮಾತನ್ನೂ ಗಿಣಿಪಾಠ ಮಾಡಿಸುವುದು ಅದಕ್ಕೇ.

ಕೋಟಿಗಟ್ಟಲೆ ಬೆಲೆಯ ಕ್ಷಿಪಣಿಯನ್ನು ದಿನಾ ಹಾರಿಸಲು ಆಗುತ್ತಾ? ಹಾಗಾಗಿ ಸಿಮ್ಯುಲೇಟರ್‌ನಲ್ಲೇ ಜಾಸ್ತಿ ಕಲಿಕೆ. ನಿಜವಾಗಿ ಹಾರಿಸುವಾಗ ಹೆಚ್ಚಾಗಿ ಸಿಡಿತಲೆಯ ಜಾಗದಲ್ಲಿ ಟೆಲಿಮೆಟ್ರಿ ಉಪಕರಣ ಇರುತ್ತದೆ, ಹಾರಾಟದ ವಿವರವನ್ನೆಲ್ಲ ಅದು ಕಳಿಸುತ್ತದೆ. ಅಭ್ಯಾಸದ ಟಾರ್ಪಿಡೊ ಓಟ ಮುಗಿಸಿ ಮೇಲೆ ತೇಲುತ್ತದೆ, ಹಿಡಿದು ತಂದು ಮತ್ತೆ ಬಳಸುತ್ತಾರೆ. ಗುರಿಯಾಗಿ ಹಾರಿಸುವ 'ಲಕ್ಷ್ಯ' ಎಂಬ ಪೈಲಟ್ ಇಲ್ಲದ ವಿಮಾನ ನಮ್ಮ ಬೆಂಗಳೂರಿನಲ್ಲಿರುವ ಡಿಆರ್‌ಡಿಒದ ಎಡಿಇ ಪ್ರಯೋಗಾಲಯದ್ದು. ಗುಂಡು ಹಾರಿಸುವ ಪ್ರದೇಶವನ್ನು ಮುಂಚೆಯೇ ಪ್ರಕಟಿಸುತ್ತಾರೆ. ಆದರೂ ಮೀನು ಸಿಕ್ಕ ಕಡೆ ದೋಣಿ ಬರುತ್ತದೆ. ಅದು ದೂರ ಹೋಗುವವರೆಗೆ ಕಾಯಬೇಕು. ಕೆಲವು ಸಲ ಇಡೀ ದಿನವೇ ಹೋಗುತ್ತದೆ.

ಕೆಲವು ಪರೀಕ್ಷೆಗಳಿಗೆ ಇನ್ನೊಂದು ಅರ್ಥವೂ ಅಂಟಿಕೊಳ್ಳುತ್ತದೆ. 2025ರ ಏಪ್ರಿಲ್ 24ರಂದು, ಪಹಲ್ಗಾಮ್ ದಾಳಿಯಾದ ಎರಡೇ ದಿನಕ್ಕೆ, ಐಎನ್‌ಎಸ್ ಸೂರತ್ ನೀರಿನ ಮಟ್ಟದಲ್ಲಿ ಹಾರುವ ಗುರಿಯನ್ನು ಹೊಡೆದು ತೋರಿಸಿತು. ಯಾರಿಗೆ ತಲುಪಬೇಕಿತ್ತೋ ಅವರಿಗೆ ತಲುಪಿರುತ್ತದೆ.

ಬಂದರು ಭೇಟಿ ಅಂದರೆ ಮಜಾ ಅಂತ ಜನ ತಿಳಿದಿದ್ದಾರೆ. ಸ್ವಲ್ಪ ಮಜಾ ಇದೆ, ಸುಳ್ಳು ಹೇಳುವುದಿಲ್ಲ. 2024ರ ಆಗಸ್ಟ್‌ನಲ್ಲಿ ಐಎನ್‌ಎಸ್ ಮುಂಬೈ ಕೊಲಂಬೊಗೆ ಹೋದಾಗ ಅಲ್ಲಿ ಚೀನಾದ 3 ಯುದ್ಧನೌಕೆಗಳೂ ಇದ್ದವು. ಇಂಥ ಕಡೆ ಡೆಕ್ಕಿನ ಬಣ್ಣ, ನಾವಿಕರ ಸಮವಸ್ತ್ರ, ಫುಟ್‌ಬಾಲ್ ಪಂದ್ಯ ಎಲ್ಲವನ್ನೂ ಯಾರೋ ನೋಡುತ್ತಿರುತ್ತಾರೆ. ಅತಿಥೇಯರಿಗೆ ಹಡಗಿನ ಲಾಂಛನ ಕೊಡುವ ವಾಡಿಕೆಯೂ ಇದೆ. 1999ರಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ಮೈಸೂರಿನ ಲಾಂಛನ ನಮ್ಮ ಗಂಡಭೇರುಂಡ. ಯಾವ್ಯಾವ ದೇಶದ ಬಂದರು ಕಚೇರಿಗಳ ಗೋಡೆ ಮೇಲೆ ಅದು ಕೂತಿದೆಯೋ!

ಆದರೆ ದಡಕ್ಕೆ ಕಟ್ಟಿದ ಹಡಗಿಗೆ ಓಡಲು ಜಾಗವಿಲ್ಲ. 2000ದ ಅಕ್ಟೋಬರ್ 12ರಂದು ಯೆಮೆನ್‌ನ ಏಡನ್ ಬಂದರಿನಲ್ಲಿ ಇಂಧನ ತುಂಬಿಸಿಕೊಳ್ಳುತ್ತಿದ್ದ ಅಮೆರಿಕದ ಡೆಸ್ಟ್ರಾಯರ್ ಯುಎಸ್‌ಎಸ್ ಕೋಲ್ ಪಕ್ಕಕ್ಕೆ ಸ್ಫೋಟಕ ತುಂಬಿದ ಸಣ್ಣ ದೋಣಿ ಬಂತು. 17 ನಾವಿಕರು ಸತ್ತರು. ಇವತ್ತು ಯಾವ ಬಂದರಿಗೆ ಹೋದರೂ ಅರ್ಧ ಹಡಗು ಊರು ಸುತ್ತುವಾಗ ಇನ್ನರ್ಧ ಡ್ಯೂಟಿಯಲ್ಲಿರುತ್ತದೆ. ನೀರಿನ ಕಡೆಗೂ ಬಂದೂಕು ಹಿಡಿದ ಕಾವಲು. ತರಕಾರಿ ತರುವ ದೋಣಿಯನ್ನೂ ತಪಾಸಣೆ ಇಲ್ಲದೆ ಹತ್ತಿರ ಬಿಡುವುದಿಲ್ಲ.

ಮೂರು ದಿನದ ಭೇಟಿ ಮುಗಿಸಿ ಹೊರಟ ಸಂಜೆ ಎಲ್ಲರ ಕೈಯಲ್ಲೂ ಮಕ್ಕಳಿಗೆ ಕೊಂಡ ಆಟಿಕೆ, ಫೋನಿನಲ್ಲಿ ಫೋಟೊ. ಅನುಭವಿ ಕ್ಯಾಪ್ಟನ್ ಆದರೆ ಅವತ್ತು ರಾತ್ರಿಯೇ ಫೈರ್ ಡ್ರಿಲ್ ಕರೆಯುತ್ತಾನೆ. ಹುಡುಗರು ಬೈದುಕೊಂಡೇ ಓಡಿ ಬರುತ್ತಾರೆ. ಎಷ್ಟು ಸೆಕೆಂಡ್ ತಡವಾಯಿತು ಅಂತ ಒಬ್ಬ ಬರೆದುಕೊಳ್ಳುತ್ತಾನೆ.