ತೊಟ್ಟಿಯ ತಳದ ತಟ್ಟೆ: ಅಂಡರ್‌ಗ್ರಾವೆಲ್ ಫಿಲ್ಟರ್ ನಡೆದು ಬಂದ ದಾರಿ

ಹಳೆಯ ಮೀನಿನ ತೊಟ್ಟಿಯೊಂದನ್ನು ಬರಿದು ಮಾಡಿ, ತಳದ ಜಲ್ಲಿಯನ್ನು ಬೊಗಸೆ ಬೊಗಸೆಯಾಗಿ ಬಕೆಟ್ಟಿಗೆ ತುಂಬಿದ ಮೇಲೆ ಕೊನೆಗೆ ಕೈಗೆ ತಾಕುವುದು ಸೀಳುಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ. ಎಂಟು ವರ್ಷ ನಡೆದ ನನ್ನ ಎರಡಡಿಯ ತೊಟ್ಟಿಯಲ್ಲಿ ಆ ತಟ್ಟೆಯನ್ನು ಮೊದಲ ಸಲ ಎತ್ತಿದಾಗ ಅದರಡಿಯಲ್ಲಿ ಬೆರಳ ಗೆಣ್ಣಿನಷ್ಟು ದಪ್ಪಕ್ಕೆ ಕಂದು ಕೆಸರು ಕುಳಿತಿತ್ತು. ಅದು ನಾರುತ್ತಿರಲಿಲ್ಲ, ಮಳೆ ಬಿದ್ದ ಹೊಲದ ಮಣ್ಣಿನ ವಾಸನೆಯಿತ್ತು. ಒಂದು ಮೂಲೆಯಲ್ಲಿ ಮಾತ್ರ, ಅಂದಕ್ಕೆಂದು ಇಟ್ಟಿದ್ದ ಚಪ್ಪಟೆ ಕಲ್ಲಿನ ನೇರ ಕೆಳಗೆ, ಜಲ್ಲಿ ಕಪ್ಪಗಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಅಂಡರ್‌ಗ್ರಾವೆಲ್ ಫಿಲ್ಟರ್ ಒಳ್ಳೆಯದೇ ಕೆಟ್ಟದ್ದೇ ಎಂದು ಮೀನು ಸಾಕುವವರು ದಶಕಗಳಿಂದ ನಡೆಸಿರುವ ವಾದದಲ್ಲಿ ಎರಡೂ ಕಡೆಯವರಿಗೆ ಬೇಕಾದ ಸಾಕ್ಷ್ಯ ಆ ಒಂದೇ ತಳದಲ್ಲಿತ್ತು.

ಈ ಸಾಧನದ ರಚನೆ ತೀರ ಸರಳ. ತೊಟ್ಟಿಯ ತಳದಿಂದ ಸ್ವಲ್ಪ ಎತ್ತರದಲ್ಲಿ ನಿಲ್ಲುವ ತಟ್ಟೆ, ಅದರ ಮೇಲೆ ಎರಡು-ಮೂರು ಅಂಗುಲ ಜಲ್ಲಿ, ತಟ್ಟೆಯ ಮೂಲೆಯಿಂದ ಮೇಲೇಳುವ ಒಂದು ಕೊಳವೆ. ಏರ್ ಪಂಪಿನ ಗಾಳಿ ಕೊಳವೆಯೊಳಗೆ ಗುಳ್ಳೆಗಳಾಗಿ ಏರುವಾಗ ಅಲ್ಲಿನ ನೀರು ಹಗುರವಾಗಿ ಮೇಲಕ್ಕೆ ಹೋಗುತ್ತದೆ. ಆ ಜಾಗವನ್ನು ತುಂಬಲು ತೊಟ್ಟಿಯ ನೀರೆಲ್ಲ ನಿಧಾನವಾಗಿ ಜಲ್ಲಿಯ ಮೂಲಕ ಕೆಳಗಿಳಿಯುತ್ತದೆ. ನೀರಿನೊಳಗೆ ತಿರುಗುವ ಯಂತ್ರಭಾಗ ಒಂದೂ ಇಲ್ಲ. ಕಸವನ್ನು ಹಿಡಿಯುವುದು ಇದರ ಮುಖ್ಯ ಕೆಲಸ ಎಂದು ತಿಳಿದವರು ಹಲವರಿದ್ದಾರೆ, ಆದರೆ ನಿಜವಾದ ಕೆಲಸ ಬೇರೆಯೇ ಇದೆ. ಜಲ್ಲಿಯ ಪ್ರತಿಯೊಂದು ಹರಳಿನ ಮೇಲೂ ತೆಳ್ಳನೆಯ ಲೋಳೆಯ ಪದರವಾಗಿ ನೆಲೆಸುವ ಸೂಕ್ಷ್ಮಜೀವಿಗಳು ಮೀನಿನ ಕಿವಿರಿನಿಂದಲೂ ಮಲದಿಂದಲೂ ಬರುವ ವಿಷಕಾರಿ ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ಮತ್ತೆ ಬಹಳ ಕಡಿಮೆ ಅಪಾಯದ ನೈಟ್ರೇಟ್ ಆಗಿ ಬದಲಿಸುತ್ತವೆ. ಆಮ್ಲಜನಕವಿರುವ ನೀರನ್ನು ಬಿಡುವಿಲ್ಲದೆ ಅವುಗಳ ಬಳಿಗೆ ಒಯ್ಯುವುದಷ್ಟೇ ತಟ್ಟೆ ಮತ್ತು ಕೊಳವೆಯ ಪಾತ್ರ.

ನೀರನ್ನು ಮರಳಿನ ಮೂಲಕ ಇಳಿಸಿ ಶುದ್ಧಮಾಡುವ ವಿದ್ಯೆ ಅಕ್ವೇರಿಯಂಗಿಂತ ಹಳೆಯದು. ಎಂಜಿನಿಯರ್ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿಯಲ್ಲಿ ಕುಡಿಯುವ ನೀರಿಗಾಗಿ ನಿಧಾನಗತಿಯ ಮರಳು ಫಿಲ್ಟರನ್ನು ಕಟ್ಟಿಸಿದ್ದು 1829ರಲ್ಲಿ. ಆದರೂ ಮೀನು ಸಾಕುವವರು ಆ ದಾರಿ ಹಿಡಿಯಲಿಲ್ಲ. ಅದೇ ನಗರದ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯ ಗಿಡ ಮತ್ತು ಕೆಲವು ಬಸವನಹುಳುಗಳು ಒಂದೇ ತೊಟ್ಟಿಯಲ್ಲಿ ಪರಸ್ಪರ ಆಸರೆಯಾಗಿ ಬದುಕಿದವು. ಮೀನು ಬಿಟ್ಟ ಉಸಿರನ್ನು ಗಿಡ ಬಳಸಿ ಆಮ್ಲಜನಕ ಕೊಡುತ್ತದೆ, ಕೊಳೆತ ಎಲೆಯನ್ನು ಹುಳು ತಿನ್ನುತ್ತದೆ ಎಂಬ ಈ ‘ಸಮತೋಲನದ ತೊಟ್ಟಿ’ಯ ಕಲ್ಪನೆ ನೂರು ವರ್ಷ ಹವ್ಯಾಸವನ್ನು ಆಳಿತು. ಅದರಲ್ಲಿ ಸತ್ಯವಿತ್ತು, ಆದರೆ ಅರ್ಧ ಸತ್ಯ: ಕಣ್ಣಿಗೆ ಕಾಣುವ ಗಿಡ, ಹುಳುಗಳ ಲೆಕ್ಕ ಅದರಲ್ಲಿತ್ತು, ಕಾಣದ ಸೂಕ್ಷ್ಮಜೀವಿಗಳ ಲೆಕ್ಕ ಇರಲಿಲ್ಲ. ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ 1877ರಲ್ಲಿ ಕೊಳಚೆ ನೀರನ್ನು ಮರಳಿನ ಮೂಲಕ ಹಾಯಿಸಿ, ನೈಟ್ರೇಟ್ ಆಗುವ ಕ್ರಿಯೆ ಜೀವಿಗಳನ್ನು ಸ್ತಬ್ಧಗೊಳಿಸುವ ಕ್ಲೋರೋಫಾರ್ಮ್ ತಗುಲಿದಾಗ ನಿಂತುಹೋಗುವುದನ್ನು ಕಂಡು, ಅದು ಜೀವಿಗಳ ಕೆಲಸವೆಂದು ತೋರಿಸಿದರು. 1890ರ ಹೊತ್ತಿಗೆ ರಷ್ಯಾದ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್ಸ್ಕಿ ಆ ಬ್ಯಾಕ್ಟೀರಿಯಗಳನ್ನೇ ಬೇರ್ಪಡಿಸಿದರು. ಈ ತಿಳಿವಳಿಕೆ ಮಣ್ಣಿನ ವಿಜ್ಞಾನಕ್ಕೂ ಕೊಳಚೆ ಸಂಸ್ಕರಣೆಗೂ ಬೇಗ ತಲುಪಿತು. ಮನೆಯ ಗಾಜಿನ ತೊಟ್ಟಿಗೆ ಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಅಗ್ಗದ ಪ್ಲಾಸ್ಟಿಕ್ಕೂ ಸಣ್ಣ ವಿದ್ಯುತ್ ಏರ್ ಪಂಪುಗಳೂ ಮನೆಮನೆಗೆ ಬಂದಾಗ ಈ ಫಿಲ್ಟರಿಗೆ ಕಾಲ ಕೂಡಿಬಂತು. 1950ರ ದಶಕದಲ್ಲಿ ಅದು ಹವ್ಯಾಸಿಗಳ ನಡುವೆ ಹರಡಿತು, ಮತ್ತು ಅದು ಮಾಡಿದ ಅತಿ ದೊಡ್ಡ ಉಪಕಾರ ಕಡಲ ಮೀನು ಸಾಕುವವರಿಗೆ. ಅಲ್ಲಿಯವರೆಗೆ ಮನೆಯಲ್ಲಿ ಹವಳದ ಬಂಡೆಯ ಮೀನನ್ನು ವಾರಗಟ್ಟಲೆ ಉಳಿಸಿಕೊಳ್ಳುವುದೇ ಸಾಹಸವಾಗಿತ್ತು. ಫ್ಲಾರಿಡಾದ ರಾಬರ್ಟ್ ಸ್ಟ್ರಾನ್ ಅವರಂಥವರು ಹವಳದ ಚೂರಿನ ಕೆಳಗೆ ತಟ್ಟೆ ಹಾಕಿ ಉಪ್ಪುನೀರಿನ ತೊಟ್ಟಿಯನ್ನು ಸಾಮಾನ್ಯ ಜನರ ಕೈಗೆಟುಕಿಸಿದರು. 1970ರಲ್ಲಿ ಜಲಜೀವಿ ವಿಜ್ಞಾನಿ ಸ್ಟೀಫನ್ ಸ್ಪಾಟ್ ಜಲ್ಲಿಯ ಹಾಸನ್ನು ಸೂಕ್ಷ್ಮಜೀವಿಗಳ ನೆಲೆಯೆಂದು ವೈಜ್ಞಾನಿಕವಾಗಿ ವಿವರಿಸಿ ಬರೆದ ಮೇಲೆ, ಹೊಸ ತೊಟ್ಟಿಗೆ ನಾಲ್ಕಾರು ವಾರ ಹದವಾಗುವ ಕಾಲ ಏಕೆ ಬೇಕು ಎಂಬುದಕ್ಕೆ ಹವ್ಯಾಸಿಗಳಿಗೆ ಸ್ಪಷ್ಟ ಉತ್ತರ ದೊರೆಯಿತು. ಒಂದು ಅಗ್ಗದ ತಟ್ಟೆ ಸಾರಜನಕದ ಚಕ್ರವನ್ನು ಶಾಲೆಯ ಪುಸ್ತಕದಿಂದ ಮನೆಯ ಪಡಸಾಲೆಗೆ ತಂದಿತು ಎಂಬುದನ್ನು ಇಂದಿನ ಟೀಕಾಕಾರರು ನೆನೆಯಬೇಕು.

ತೊಡಕು ಅದರ ಯಶಸ್ಸಿನೊಳಗೇ ಇತ್ತು. ನೀರನ್ನು ಕೆಳಕ್ಕೆ ಎಳೆಯುವ ತಟ್ಟೆ ಕಸವನ್ನೂ ಎಳೆಯುತ್ತದೆ. ತೊಟ್ಟಿಯ ಮೇಲ್ಭಾಗ ತಿಳಿಯಾಗಿ ಹೊಳೆಯುವಾಗ, ಕಸ ಹೊರಗೆ ಹೋಯಿತೆಂದು ಕಣ್ಣು ನಂಬುತ್ತದೆ. ಅದು ಹೋಗಿರುವುದು ಮರೆಗೆ ಮಾತ್ರ. ಸ್ವಚ್ಛಗೊಳಿಸುವ ಗೋಜೇ ಇಲ್ಲವೆಂಬ ಮಾತಿನೊಂದಿಗೆ ಈ ಫಿಲ್ಟರನ್ನು ಮಾರಿದ್ದು ಅದಕ್ಕೆ ಆದ ದೊಡ್ಡ ಅನ್ಯಾಯವೆಂದು ನನಗೆ ಅನ್ನಿಸುತ್ತದೆ. ವರ್ಷಗಟ್ಟಲೆ ಕೆಸರು ಹೀರುವ ಸೈಫನ್ ಪೈಪ್ ಕಾಣದ ಜಲ್ಲಿಯಲ್ಲಿ ಕೆಸರು ತುಂಬಿ, ನೀರು ಸುಲಭದ ಕೆಲವೇ ದಾರಿಗಳನ್ನು ಹಿಡಿದು, ಉಳಿದ ಕಡೆ ಆಮ್ಲಜನಕವಿಲ್ಲದೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ನನ್ನ ಚಪ್ಪಟೆ ಕಲ್ಲಿನ ಕೆಳಗೆ ನಡೆದದ್ದು ಅದೇ. ಇನ್ನೊಂದು ತೊಂದರೆ ವಾಸನೆಯಿಂದಲೂ ತಿಳಿಯದು. ಒಂದು ಗ್ರಾಂ ಅಮೋನಿಯ ಸಾರಜನಕ ನೈಟ್ರೇಟ್ ಆಗುವಾಗ ಸುಮಾರು 4.6 ಗ್ರಾಂ ಆಮ್ಲಜನಕ ವ್ಯಯವಾಗುತ್ತದೆ, ಜೊತೆಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 7.1 ಗ್ರಾಂ ಕ್ಷಾರೀಯತೆ, ಅಂದರೆ ಹುಳಿಯಾಗುವುದನ್ನು ತಡೆಯುವ ನೀರಿನ ಶಕ್ತಿ, ಕಳೆದುಹೋಗುತ್ತದೆ. ನೀರು ಬದಲಿಸದೆ ಬಿಟ್ಟರೆ ತೊಟ್ಟಿ ಮೆಲ್ಲಗೆ ಹುಳಿಯಾಗುತ್ತದೆ. ಒಂದು ದಿನ ಮನೆಯವರು ಕಾಳಜಿಯಿಂದಲೇ ಮುಕ್ಕಾಲು ಪಾಲು ಹೊಸ ನೀರು ತುಂಬಿದಾಗ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಒಮ್ಮೆಗೇ ಏರಿ, ಅಲ್ಲಿಯವರೆಗೆ ಹುಳಿ ನೀರಿನಲ್ಲಿ ಅಷ್ಟಾಗಿ ಕಾಡದ ರೂಪದಲ್ಲಿದ್ದ ಅಮೋನಿಯಂ ವಿಷಕಾರಿ ಅಮೋನಿಯವಾಗಿ ಮೀನುಗಳು ಸಾಯುತ್ತವೆ. ಗಡಸಾದ ಬೋರ್‌ವೆಲ್ ನೀರು ಬಳಸುವ ನಮ್ಮ ಮನೆಗಳಲ್ಲಿ ನೀರು ಹುಳಿಯಾಗುವ ಈ ಕುಸಿತ ತಡವಾಗಿ ಬರುತ್ತದೆ. ಮಳೆನೀರಿನಂಥ ಮೃದು ನೀರಿನಲ್ಲಿ ಬೇಗ ಬರುತ್ತದೆ.

ಎದುರುದನಿ ಮೊದಲೇ ಎದ್ದಿತ್ತು. ಜಕಾರ್ತದ ಲೀ ಚಿನ್ ಎಂಗ್ 1961ರಲ್ಲಿ ಫಿಲ್ಟರೇ ಇಲ್ಲದೆ, ಸಮುದ್ರದಿಂದ ತಂದ ‘ಜೀವಂತ ಬಂಡೆ’ (ಸೂಕ್ಷ್ಮಜೀವಿಗಳು ನೆಲೆಸಿದ ಬಂಡೆ) ಮತ್ತು ಗಾಳಿಯ ಗುಳ್ಳೆಗಳ ಬಲದಿಂದ ಹವಳಗಳನ್ನು ಸಾಕಿದ ಬಗೆಯನ್ನು ಬರೆದರು. ಆಗ ಹೆಚ್ಚು ಜನ ಕಿವಿಗೊಡಲಿಲ್ಲ. 1980ರ ದಶಕದಲ್ಲಿ ಹವಳ ಸಾಕುವ ಆಸೆ ಹೆಚ್ಚಿದಾಗ, ನೈಟ್ರೇಟನ್ನು ಕೂಡಿಹಾಕುವ ಜಲ್ಲಿಹಾಸು ಹವಳಗಳಿಗೆ ಹಿಡಿಸದೆಂಬುದು ಎಲ್ಲರ ಅರಿವಿಗೆ ಬಂತು. ಮೊದಲು ನೀರನ್ನು ಗಾಳಿಯಲ್ಲಿ ತೊಟ್ಟಿಕ್ಕಿಸಿ ಇಳಿಸುವ ಒಣ-ಹಸಿ ಫಿಲ್ಟರ್, ಆಮೇಲೆ ಜೀವಂತ ಬಂಡೆ ಅದರ ಜಾಗ ಹಿಡಿದವು. ಸಿಹಿನೀರಿನಲ್ಲಿ ಹೊರಗಿಡುವ, ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರುಗಳು ಬಂದವು. ಗಿಡ ಬೆಳೆಸುವ ತೊಟ್ಟಿಗಳು ಜನಪ್ರಿಯವಾದಾಗ, ಬೇರಿನ ಬಳಿಯ ಗೊಬ್ಬರವನ್ನು ತೊಳೆದೊಯ್ಯುವ ತಟ್ಟೆ ಅಲ್ಲೂ ಬೇಡವಾಯಿತು. ತಟ್ಟೆಯ ಪರವಾಗಿದ್ದವರು ಪವರ್‌ಹೆಡ್ ಎಂಬ ಸಣ್ಣ ನೀರಿನ ಪಂಪ್ ಅಳವಡಿಸಿ ಹರಿವನ್ನು ಹೆಚ್ಚಿಸಿದರು, ಕೆಲವರು ನೀರನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಕಸ ಕೂರದಂತೆ ಮಾಡಿದರು. ಈ ನಡುವೆ ಫ್ರಾನ್ಸಿನ ಜೀವಶಾಸ್ತ್ರಜ್ಞ ಜಾನ್ ಜೋಬೇರ್ ಮೊನಾಕೊದಲ್ಲಿ ಮರಳಿನ ಕೆಳಗೆ ಅಂಥದೇ ಪೊಳ್ಳು ಜಾಗವನ್ನು ಬಿಟ್ಟು, ನೀರನ್ನು ಮಾತ್ರ ಎಳೆಯದೆ ಸುಮ್ಮನಿರಿಸಿದರು. ಆಮ್ಲಜನಕ ಕಡಿಮೆಯಾದ ಆ ಪದರದಲ್ಲಿ ಬೇರೆ ಬ್ಯಾಕ್ಟೀರಿಯಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿದವು. ಹೀಗೆ ಹರಿವನ್ನು ತೆಗೆದೊಡನೆ ಹೆಚ್ಚುಕಡಿಮೆ ಅದೇ ಏರ್ಪಾಡು ತನ್ನ ಹಳೆಯ ದೋಷಕ್ಕೆ ತಾನೇ ಮದ್ದಾಯಿತು. ಈ ಇತಿಹಾಸದಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ ಸಂಗತಿ ಇದು.

ಜಲ್ಲಿಯಲ್ಲಿ ನೆಲೆಸಿದವರು ಯಾರು ಎಂಬ ತಿಳಿವಳಿಕೆಯೂ ಬದಲಾಗಿದೆ. ನೈಟ್ರೈಟನ್ನು ಬದಲಿಸುವುದು ನೈಟ್ರೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಎಂದು ದಶಕಗಳ ಕಾಲ ಎಲ್ಲರೂ ಬರೆದರು. ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸ ಮಾಡುವುದು ನೈಟ್ರೊಸ್ಪೈರ ಎಂಬ ಬೇರೊಂದು ಬ್ಯಾಕ್ಟೀರಿಯ ಬಳಗವೆಂದು ಟಿಮೊತಿ ಹೊವನೆಕ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. 2011ರಲ್ಲಿ ಬ್ಯಾಕ್ಟೀರಿಯಗಳಿಗೆ ಸೇರದ ಆರ್ಕಿಯ ಎಂಬ ಜೀವಿಗಳು ಹಲವು ತೊಟ್ಟಿಗಳಲ್ಲಿ ಅಮೋನಿಯದ ಕೆಲಸದ ಮುಂಚೂಣಿಯಲ್ಲಿರುವುದು ತಿಳಿಯಿತು, 2015ರಲ್ಲಿ ಎರಡೂ ಹಂತಗಳನ್ನು ಒಂಟಿಯಾಗಿ ಮುಗಿಸುವ ನೈಟ್ರೊಸ್ಪೈರಗಳು ಪತ್ತೆಯಾದವು.

ಕರೆಂಟ್ ಹೋಗಿಬರುವ ನಮ್ಮೂರುಗಳಲ್ಲಿ ಈ ತಟ್ಟೆಗೆ ಇಂದಿಗೂ ಒಂದು ಅನುಕೂಲವಿದೆ. ಗಾಳಿ ನಿಂತು ಗಂಟೆಗಳು ಕಳೆದರೆ ಜಲ್ಲಿಯೊಳಗಿನ ಜೀವಿಗಳು ಆಮ್ಲಜನಕ ಮುಗಿದು ಸೊರಗುತ್ತವೆ, ಆದರೆ ಬ್ಯಾಟರಿಯ ಸಣ್ಣ ಏರ್ ಪಂಪ್ ಒಂದಿದ್ದರೆ ಅದೇ ಕೊಳವೆಗೆ ಸಿಕ್ಕಿಸಿ ಇಡೀ ಫಿಲ್ಟರನ್ನು ನಡೆಸಬಹುದು. ಮುಚ್ಚಿದ ಕ್ಯಾನಿಸ್ಟರಿಗೆ ಆ ಸೌಲಭ್ಯವಿಲ್ಲ.

ನಾನು ಆ ದಿನ ಜಲ್ಲಿಯನ್ನು ನಲ್ಲಿ ನೀರಿನಲ್ಲಿ ತೊಳೆಯಲಿಲ್ಲ, ಕ್ಲೋರಿನ್ ತಗುಲಿದರೆ ಎಂಟು ವರ್ಷದ ಬೆಳೆ ಹಾಳಾಗುತ್ತದೆಂಬ ಭಯದಿಂದ. ತೊಟ್ಟಿಯಿಂದಲೇ ತೆಗೆದಿಟ್ಟ ನೀರಿನಲ್ಲಿ ಜಾಲಾಡಿಸಿ, ಕೆಸರನ್ನು ದಾಸವಾಳದ ಬುಡಕ್ಕೆ ಸುರಿದು, ತಟ್ಟೆಯನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಿದೆ. ಚಪ್ಪಟೆ ಕಲ್ಲನ್ನು ಮಾತ್ರ ಒಳಗಿಡಲಿಲ್ಲ. ಈಗ ಪ್ರತಿ ಭಾನುವಾರ ನೀರು ಬದಲಿಸುವಾಗ ಜಲ್ಲಿಯ ನಾಲ್ಕನೆಯ ಒಂದು ಭಾಗಕ್ಕೆ ಸೈಫನ್ ಪೈಪ್ ಇಳಿಸುತ್ತೇನೆ, ಮುಂದಿನ ವಾರ ಪಕ್ಕದ ಭಾಗಕ್ಕೆ.